ದೋಣಿಯ ಒಳಮರ ಕೇಳುವ ಅನುಮಾನದಕ್ಕ

ಬಿಸಿಲು ಇನ್ನೂ ಶೆಡ್ಡಿನ ತಗಡಿಗೆ ತಾಗಿಲ್ಲ. ನದಿಯ ದಡದಲ್ಲಿ, ದಿಮ್ಮಿಗಳ ಮೇಲೆ ಕೂರಿಸಿರುವ ಬಿಳಿ ಫೈಬರ್ ದೋಣಿಯೊಂದರ ಹಿಂಬದಿಗೆ ಬಲಗಿವಿ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಹಿಡಿ ಸವೆದ ಪುಟ್ಟ ಸುತ್ತಿಗೆ. ಟಕ್. ನಾಲ್ಕು ಬೆರಳು ಈಚೆಗೆ, ಟಕ್. ಇನ್ನೂ ನಾಲ್ಕು ಬೆರಳು ಮೇಲಕ್ಕೆ, ಈಗ ಸದ್ದು ಬೇರೆ. ಒದ್ದೆಯಾದ ರಟ್ಟಿನ ಡಬ್ಬಿಗೆ ತಟ್ಟಿದ ಹಾಗೆ, ಡಬ್. ಅದೇ ಜಾಗಕ್ಕೆ ಮತ್ತೆ ಮೂರು ಸಲ ತಟ್ಟಿ, ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ತೆಗೆದು ಒಂದು ಗೀಟು ಹಾಕುತ್ತಾರೆ.

"ಬಣ್ಣ ಯಾವಾಗ ಹೊಡೆಸಿದ್ದು?" ತಿರುಗಿ ನೋಡದೆ ಕೇಳುತ್ತಾರೆ.

"ಎಂಟು ತಿಂಗಳ ಹಿಂದೆ ಕೊಂಡೆ. ಆಗ್ಲೇ ಹೊಡೆದಿತ್ತು" ಎನ್ನುತ್ತಾನೆ ದೋಣಿಯವನು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ಅವನ ಕೆಲಸ.

"ಒಳಗೂ?"

"ಒಳಗೂ."

"ಕಾಲಿಟ್ಟು ತುಳಿಯೋ ಜಾಗಕ್ಕೆ, ಯಾರೂ ಬಗ್ಗಿ ನೋಡದ ಮೂಲೆಗೆ, ಹೊಸ ಬಣ್ಣ ಯಾಕಂತೆ?"

ದೋಣಿಯವನ ಮುಖದಲ್ಲಿ ಅನುಮಾನ ಮೂಡಿದೆ. ಆದರೆ ಅದು ದೋಣಿಯ ಮೇಲಲ್ಲ, ಈ ಹೆಂಗಸಿನ ಮೇಲೆ.

ದಡದ ಜನ ಇವರನ್ನು ಕರೆಯುವುದೇ ಅನುಮಾನದಕ್ಕ ಎಂದು. ವಯಸ್ಸು ಐವತ್ತನಾಲ್ಕು. ಹಳೆಯ ಫೈಬರ್ ದೋಣಿಯ ಒಳಗಿನ ಮರ ಕೊಳೆತಿದೆಯೇ, ಕೊಳೆತಿದ್ದರೆ ರಿಪೇರಿ ಮಾಡಬೇಕೇ, ಇಲ್ಲ ದೋಣಿಯ ಆಸೆಯನ್ನೇ ಬಿಡಬೇಕೇ ಎಂದು ಹೇಳುವುದು ಇಪ್ಪತ್ತನಾಲ್ಕು ವರ್ಷಗಳಿಂದ ಇವರ ಕೆಲಸ. ಇವರ ಬಗ್ಗೆ ಬರೆಯಲು ನಾನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಬಂದಿದ್ದೇನೆ. "ಅವರ ಹತ್ತಿರ ಹೋದ ದೋಣಿ ಗಾಯ ಇಲ್ಲದೆ ಆಚೆ ಬಂದಿದ್ದನ್ನ ನಾನಂತೂ ಕಂಡಿಲ್ಲ" ಎಂದು ಊರಿನ ದೋಣಿ ಮಾಲೀಕರೊಬ್ಬರು ನನಗೆ ಮೊದಲೇ ಹೇಳಿದ್ದರು. ಕೊಳೆತಿದೆ ಎಂದು ಹೇಳುವವರೂ ಅವರೇ, ಕೊಳೆತದ್ದನ್ನು ಸರಿಮಾಡುವವರೂ ಅವರೇ. ಯಾರಿಗಾದರೂ ಮನಸ್ಸಿನಲ್ಲಿ ಹುಳ ಬೀಳುವಂಥ ಏರ್ಪಾಡು.

ಫೈಬರ್ ದೋಣಿಗೆ ಮರ ಎಲ್ಲಿಂದ ಬಂತು ಎಂದು ನಾನು ಕೇಳಿದ್ದಕ್ಕೆ ಅವರು ನಗುತ್ತಾರೆ. ಹೊರಗೆ ಕಾಣುವುದು ಗಾಜಿನ ನಾರು ಮತ್ತು ರಾಳದ ಚಿಪ್ಪು ಮಾತ್ರ. ಇಂಜಿನ್ ತೂಗುಹಾಕುವ ಹಿಂಬದಿ ಹಲಗೆ, ನೆಲದಡಿ ಉದ್ದಕ್ಕೆ ಓಡುವ ಪಟ್ಟಿಗಳು, ಇವೆಲ್ಲ ಹಳೆಯ ದೋಣಿಗಳಲ್ಲಿ ಚಿಪ್ಪಿನೊಳಗೆ ಹುದುಗಿಸಿದ ಪ್ಲೈವುಡ್. ಎಲ್ಲೋ ಒಂದು ಬೋಲ್ಟಿನ ತೂತಿನಿಂದ ನೀರು ಒಳಗೆ ಇಳಿದರೆ ಹೊರಗೆ ಬರಲು ದಾರಿಯಿಲ್ಲ. ಮರ ಒಳಗೊಳಗೇ ಕುಂಬಾಗುತ್ತದೆ. ಚಿಪ್ಪು ಮಾತ್ರ ಹೊಸ ಮದುಮಗನ ಹಾಗೆ ಹೊಳೆಯುತ್ತಿರುತ್ತದೆ.

"ನಮ್ಮಪ್ಪ ಮರದ ದೋಣಿ ಕಟ್ಟೋ ಬಡಗಿ" ಎನ್ನುತ್ತಾರೆ ಅಕ್ಕ. "ಫೈಬರ್ ಬಂದ್ಮೇಲೆ ಅವರ ಉಳಿ ಮೂಲೆ ಸೇರ್ತು. ಪ್ಲಾಸ್ಟಿಕ್ ಬೋಗುಣಿ ಅಂತ ಬೈತಾ ಬೈತಾನೇ ಹೋದ್ರು. ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ದೋಣಿ ಕೊಯ್ದರು ನೋಡಿ, ಒಳಗೆ ಮರ. ಅಪ್ಪ ಇದ್ದಿದ್ರೆ ಕರ್ಕೊಂಡು ಬಂದು ತೋರಿಸ್ತಿದ್ದೆ."

ಇಪ್ಪತ್ತೆಂಟನೇ ವಯಸ್ಸಿಗೆ ಈ ಶೆಡ್ಡಿಗೆ ಬಂದದ್ದು ಉಜ್ಜುಕಾಗದ ಹಿಡಿದು ದೋಣಿಯ ಮೈ ಉಜ್ಜುವ ಕೂಲಿಗೆ. ಹೆಂಗಸರಿಗೆ ಉಜ್ಜುವ ಕೆಲಸ ಸಾಕು ಎಂದಿದ್ದನಂತೆ ಆಗಿನ ಮೇಸ್ತ್ರಿ. ಎರಡನೇ ವರ್ಷ, ಉಜ್ಜುವಾಗ ಒಂದು ದೋಣಿಯ ಹಿಂಬದಿಯ ಸದ್ದು ಇವರಿಗೆ ಸರಿಬರಲಿಲ್ಲ. ಹೇಳಿದಾಗ ಮೇಸ್ತ್ರಿ ನಕ್ಕ. ಎರಡು ತಿಂಗಳಾದ ಮೇಲೆ ನಡುಹೊಳೆಯಲ್ಲಿ ಆ ದೋಣಿಯ ಇಂಜಿನ್ನು ಹಲಗೆಯ ಸಮೇತ ಕಿತ್ತು ನೀರಿಗೆ ಬಿತ್ತು. ಇಬ್ಬರು ಈಜಿ ದಡ ಸೇರಿದರು. ಮಾರನೇ ದಿನ ಮೇಸ್ತ್ರಿ ತನ್ನ ಸುತ್ತಿಗೆಯನ್ನು ಇವರ ಕೈಗೆ ಕೊಟ್ಟ.

ಈಗ ಸೀಸನ್ನಿನಲ್ಲಿ ದಿನಕ್ಕೆ ಎರಡು ದೋಣಿ. ಒಂದೊಂದಕ್ಕೂ ಕಡಿಮೆಯೆಂದರೆ ನಾನೂರು ಏಟು. ಗಾಜಿನ ಧೂಳು ಕುಪ್ಪಸದ ಹೊಲಿಗೆಯೊಳಗೂ ಸೇರಿ ಚುಚ್ಚುತ್ತದೆ. ಮನೆಗೆ ಹೋದರೆ ಸ್ನಾನ ಆಗುವ ತನಕ ಮೊಮ್ಮಗಳನ್ನು ಎತ್ತಿಕೊಳ್ಳುವಂತಿಲ್ಲ. ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಗ್ರೈಂಡರಿನ ಸದ್ದಿಗೆ ಎಡಗಿವಿ ಅರ್ಧ ಹೋಗಿದೆ. ಮನೆಯಲ್ಲೂ ಬಾಗಿಲು, ಮಂಚ ಎಲ್ಲದಕ್ಕೂ ಬೆರಳಿನಿಂದ ತಟ್ಟುವ ಚಾಳಿ. ಎಂಬತ್ತು ದಾಟಿದ ಅತ್ತೆ ಒಮ್ಮೆ ಬೆನ್ನು ತಿರುಗಿಸಿ ಕೂತು, "ಹಾಗೇ ನಂದೂ ಒಂದು ಸಲ ತಟ್ಟಿ ಹೇಳಿಬಿಡಮ್ಮ, ರಿಪೇರಿಯೋ ಗುಜರಿಯೋ" ಎಂದಿದ್ದರಂತೆ.

ಬಿಳಿ ದೋಣಿಯ ಹಿಂಬದಿಯ ಮೇಲರ್ಧ ಪೂರ್ತಿ ಕೆಂಪು ಗೀಟುಗಳಿಂದ ತುಂಬುತ್ತದೆ. ದೋಣಿಯವನಿಗೆ ತಡೆಯಲಾಗುವುದಿಲ್ಲ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸದ್ದು ನಿಮಗೆ ಕೇಳುತ್ತೆ, ನನಗೆ ಕೇಳಲ್ಲ. ನೀವು ಹೇಳಿದ್ದೇ ಸರಿ ಅಂತ ಹೇಗೆ ಒಪ್ಪಲಿ?"

ಅಕ್ಕನಿಗೆ ಬೇಜಾರಾದಂತೆ ಕಾಣುವುದಿಲ್ಲ. "ಒಪ್ಪಬೇಡಿ. ನಿಮ್ಮ ಡ್ರಿಲ್ ತನ್ನಿ. ನಂದು ಬೇಡ, ಆಮೇಲೆ ಮೊದಲೇ ಒದ್ದೆ ಮಾಡಿಟ್ಟಿದ್ಲು ಅಂತೀರ. ಜಾಗ ನೀವೇ ಆರಿಸಿ, ನೀವೇ ಕೊರೀರಿ."

ಅವನು ಮೊದಲು ಗೀಟಿಲ್ಲದ ಕಡೆ ಕೊರೆಯುತ್ತಾನೆ. ಒಣ, ಹಳದಿ ಪುಡಿ ಉದುರುತ್ತದೆ. ಗೀಟಿನ ನಡುವೆ ಕೊರೆದಾಗ ಡ್ರಿಲ್ಲಿನ ಸುರುಳಿಗೆ ಕಪ್ಪು ಕಂದು ಮುದ್ದೆ ಅಂಟಿಕೊಂಡು ಬರುತ್ತದೆ. ಮೂಗಿನ ಹತ್ತಿರ ಹಿಡಿದು ನೋಡಿ ಮುಖ ಕಿವುಚುತ್ತಾನೆ. ಅಲ್ಲೇ ಹೆಂಡತಿಗೆ ಫೋನ್ ಮಾಡುತ್ತಾನೆ: "ನಿಮ್ಮಣ್ಣ ನನಗೆ ಟೋಪಿ ಹಾಕಿದಾನೆ. ಬಣ್ಣ ಬಳಿದು ಕೊಳೆತ ದೋಣಿ ಕಟ್ಟಿದಾನೆ."

ದೋಣಿಯನ್ನು ಮಾರಿದ್ದು ಅವನ ಹೆಂಡತಿಯ ಅಣ್ಣ ಎಂದು ನನಗೆ ತಿಳಿಯುವುದು ಆಗಲೇ.

ಮಾರನೇ ಬೆಳಿಗ್ಗೆ ಹೆಂಡತಿಯೂ ಭಾವನೂ ಶೆಡ್ಡಿಗೆ ಬರುತ್ತಾರೆ, ಒಂದೇ ಆಟೋದಲ್ಲಿ ಬಂದರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಭಾವ ಬಂದವನೇ ಅಕ್ಕನ ಕಡೆ ತಿರುಗುತ್ತಾನೆ.

"ನಾನು ಕೊಂಡಾಗ ಹೇಗಿತ್ತೋ ಹಾಗೇ ಕೊಟ್ಟೆ. ಚೆನ್ನಾಗಿ ಕಾಣ್ಲಿ ಅಂತ ಬಣ್ಣ ಹೊಡೆಸಿದೆ. ತಂಗಿ ಮನೆಗೆ ಕೊಡೋ ವಸ್ತು ಅಲ್ವಾ? ಮಧ್ಯೆ ನಿಂತು ನಮ್ಮಿಬ್ಬರ ಮನೆ ಒಡೀಬೇಡಿ."

"ದೋಣಿ ಮಾತ್ರ ಒಡೀತೀನಿ" ಎನ್ನುತ್ತಾರೆ ಅಕ್ಕ. "ನೀವು ಮುಚ್ಚಿಟ್ಟಿದ್ದೀರ ಅಂತ ನಾನು ಹೇಳಿಲ್ಲ. ಇಲ್ಲ ಅಂತಾನೂ ಹೇಳಿಲ್ಲ."

ಬ್ಲೇಡಿನಿಂದ ಬಣ್ಣವನ್ನು ಒಂದೊಂದೇ ಪದರ ಕೆರೆಯುತ್ತಾರೆ. ಮೇಲೆ ಬಿಳಿ, ಅದರಡಿ ನೀಲಿ, ಅದರಡಿ ಹಸಿರು. ಹಸಿರಿನ ಕೆಳಗೆ, ಹಲಗೆಯ ಅಡ್ಡಕ್ಕೆ ಒಂದು ತೇಪೆಯ ಅಂಚು. ಯಾರೋ ಎಂದೋ ಕೆಳಗಿನ ಅರ್ಧವನ್ನು ಮಾತ್ರ ಬಿಚ್ಚಿ ಹೊಸ ಮರ ಹಾಕಿದ್ದಾರೆ. ಭಾವ ಆರು ವರ್ಷದ ಹಿಂದೆ ಕೊಂಡಾಗ ದೋಣಿ ನೀಲಿಯಾಗಿತ್ತು. ಹಾಗಾದರೆ ತೇಪೆ ಅವನ ಕಾಲದ್ದಲ್ಲ. ಭಾವನ ಭುಜ ಸ್ವಲ್ಪ ಕೆಳಗಿಳಿಯುತ್ತದೆ. ಆದರೆ ದೋಣಿಯವನಿಗೆ ಸಮಾಧಾನವಿಲ್ಲ. "ಪೂರ್ತಿ ತೆಗೀರಿ. ಯಾರು ಹೀಗೆ ಅರ್ಧ ಮಾಡಿದ್ದು ಅಂತ ನೋಡೇಬಿಡೋಣ."

ಅಕ್ಕನ ತಂಗಿ ಇಲ್ಲಿ ರಾಳ ಕಲಸುವವಳು. ಅವಳು ಗ್ರೈಂಡರ್ ಹಿಡಿಯುತ್ತಾಳೆ. ಧೂಳು ತಾಳಲಾರದೆ ದೋಣಿಯವನ ಕಡೆಯ ಮೂವರೂ ಹೊರಗೆ ಚಹಾದಂಗಡಿಗೆ ಹೋಗುತ್ತಾರೆ. ಒಳಚಿಪ್ಪನ್ನು ಪಟ್ಟಿ ಪಟ್ಟಿಯಾಗಿ ಸುಲಿದಾಗ ಮೇಲರ್ಧದ ಮರ ನೆನೆದ ಬ್ರೆಡ್ಡಿನ ಹಾಗೆ ಕೈಗೇ ಬರುತ್ತದೆ. ಕೆಳಗಿನದು ಗಟ್ಟಿ. ಎರಡೂ ಕೂಡುವ ಕಡೆ, ತಿಳಿಯಾದ ರಾಳದ ಕೆಳಗೆ, ಒಂದು ಕೆಂಪು ಪೆನ್ಸಿಲ್ ಗೆರೆ. ಅದರ ಮೇಲೆ ದುಂಡು ಅಕ್ಷರ: "ಇಲ್ಲಿಂದ ಮೇಲೆ ಗಟ್ಟಿ."

ಅಕ್ಕ ಮುಖದ ಮಾಸ್ಕ್ ಕೆಳಗಿಳಿಸಿ ಅದರ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. ತಂಗಿಗೂ ಗೊತ್ತಾಗಿದೆ. ಅದು ಅಕ್ಕನದೇ ಕೈಬರಹ. ಹನ್ನೊಂದು ವರ್ಷದ ಹಿಂದೆ ಅವರೇ ರಿಪೇರಿ ಮಾಡಿದ, ಆಗ ಬೇರೆ ಯಾರದೋ ಆಗಿದ್ದ ಹಸಿರು ದೋಣಿ ಇದು.

ತಂಗಿ ದನಿ ತಗ್ಗಿಸುತ್ತಾಳೆ. "ಅಕ್ಕಾ, ಇದರ ಮೇಲೆ ಗ್ರೈಂಡರ್ ಆಡಿಸಿಬಿಡ್ಲಾ? ಧೂಳಾಗಿ ಹೋಗುತ್ತೆ." ಆಮೇಲೆ ನಾನು ಅಲ್ಲಿರುವುದು ನೆನಪಾಗಿ ನನ್ನ ಕಡೆ ನೋಡುತ್ತಾಳೆ.

ನನ್ನ ಮನಸ್ಸಿನಲ್ಲೂ ಅದೇ ಲೆಕ್ಕಾಚಾರ: ನಾನು ಇಲ್ಲದೇ ಹೋಗಿದ್ದರೆ ಏನು ಮಾಡುತ್ತಿದ್ದರು? ಕಂಡದ್ದನ್ನು ಬರೆಯುತ್ತಿದ್ದೇನೆ. ಅಕ್ಕ ಗ್ರೈಂಡರಿನ ಪ್ಲಗ್ ಕಿತ್ತು, "ಹೋಗಿ ಅವರನ್ನ ಕರಿ" ಎನ್ನುತ್ತಾರೆ.

ದೋಣಿಯವನು ಆ ಸಾಲನ್ನು ಎರಡು ಸಲ ಓದುತ್ತಾನೆ.

"ಇದು ನಾನು ಬರೆದಿದ್ದು" ಎನ್ನುತ್ತಾರೆ ಅಕ್ಕ. "ಅರ್ಧ ಮಾಡಿದ್ದೂ ನಾನೇ. ನಿಮ್ಮ ಭಾವನದ್ದೇನಿಲ್ಲ ಇದರಲ್ಲಿ."

"ಆಮೇಲೆ ಇಂಜಿನ್ ಬೋಲ್ಟಿಂದ ನೀರು ಇಳಿದಿರಬಹುದಲ್ವಾ?" ಹೆಂಡತಿ ಕೇಳುತ್ತಾಳೆ. ಅಣ್ಣನ ಮೇಲಿನ ಆರೋಪ ಇಳಿದ ನಿರಾಳ ಅವಳಿಗೆ.

"ಇಳಿದಿರಬಹುದಮ್ಮ. ಆವತ್ತೇ ಕೊಳೆತಿದ್ದು ನನಗೆ ಗೊತ್ತಾಗದೇನೂ ಇರಬಹುದು. ಎರಡರಲ್ಲಿ ನನಗೆ ಅನುಕೂಲ ಆಗೋದನ್ನ ನಾನ್ಯಾಕೆ ಆರಿಸ್ಕೊಳ್ಳಲಿ?"

ದೋಣಿಯವನು ಖಾಲಿ ಬೆಂಚುಗಳ ಕಡೆ ಕೈ ತೋರಿಸುತ್ತಾನೆ. ಅವನ ದೋಣಿಯಲ್ಲಿ ಒಂದು ಸಲಕ್ಕೆ ಮೂವತ್ತು ಜನ ಕೂರುತ್ತಾರೆ: ಆಸ್ಪತ್ರೆಯ ನರ್ಸುಗಳು, ಶಾಲೆಯ ಟೀಚರು, ಸೈಕಲ್ ಹಿಡಿದ ಪೋಸ್ಟ್‌ಮ್ಯಾನ್. "ಹಾಗಾದ್ರೆ ಈಗ ನಿಮ್ಮನ್ನ ನಂಬೋದು ಹೇಗೆ?"

"ನಂಬಬೇಡಿ ಅಂತ ನಿನ್ನೆಯಿಂದ ಹೇಳ್ತಿದ್ದೀನಲ್ಲ. ಆಚೆ ದಡದ ಶೆಡ್ಡಿನ ಮೇಸ್ತ್ರಿನ ಕರೆಸಿ. ನಾನು ಬಾಯಿ ಬಿಡಲ್ಲ, ಅವರು ನೋಡ್ಲಿ."

ಆಚೆ ದಡದ ಮೇಸ್ತ್ರಿ ಮೂರನೇ ದಿನ ಬರುತ್ತಾರೆ. ಒಂದು ಗಂಟೆ ನೋಡಿ, ಅಕ್ಕ ಗುರುತು ಹಾಕಿದ್ದನ್ನೆಲ್ಲ ಒಪ್ಪುತ್ತಾರೆ. ಜೊತೆಗೆ ಇನ್ನೊಂದು ಜಾಗ ತೋರಿಸುತ್ತಾರೆ: ನೆಲದಡಿಯ ನಾಲ್ಕು ಪಟ್ಟಿಗಳಲ್ಲಿ ಒಂದರ ಮುಂದಿನ ತುದಿ. ಅಕ್ಕ ತಟ್ಟುತ್ತಾರೆ. ಸದ್ದಿನಲ್ಲಿ ಬದಲಾವಣೆ ಕೇಳಿಸುವುದಿಲ್ಲ. ಕೊರೆದು ನೋಡಿದರೆ ಒದ್ದೆ. "ಆ ಜಾಗ ನನ್ನ ಕಿವಿಗೆ ಸಿಗಲಿಲ್ಲ" ಎಂದು ಎಲ್ಲರ ಮುಂದೆ ಹೇಳುತ್ತಾರೆ. ಅವತ್ತಿನಿಂದ ಅವರು ತಟ್ಟಿದ ಪ್ರತಿ ದೋಣಿಯನ್ನೂ ತಂಗಿಯೂ ಮತ್ತೊಮ್ಮೆ ತಟ್ಟಬೇಕು ಎಂದು ಶೆಡ್ಡಿನಲ್ಲಿ ಹೊಸ ಕಟ್ಟಳೆ.

ಉಳಿದದ್ದು ಮುಖ್ಯ ಪ್ರಶ್ನೆ: ರಿಪೇರಿಯೋ ಗುಜರಿಯೋ. ಇಪ್ಪತ್ತಾರು ವರ್ಷದ ದೋಣಿ. ಒಡೆದು ಹಾಕಿ ಎನ್ನುತ್ತಾನೆ ಭಾವ, ಇನ್ನೊಂದು ಮಾತು ಬರುವುದೇ ಬೇಡ ಎಂಬ ಅವಸರದಲ್ಲಿ. ಅಕ್ಕ ಅವಸರ ಮಾಡುವುದಿಲ್ಲ. ಚಿಪ್ಪಿನ ಉದ್ದಕ್ಕೂ ಮತ್ತೆ ಎರಡು ದಿನ ಓಡಾಡುತ್ತಾರೆ. "ಮರ ಬದಲಾಯಿಸಬಹುದು, ಚಿಪ್ಪೇ ಸೋತಿದ್ರೆ ಏನು ಮಾಡಿದ್ರೂ ದಂಡ. ಇದರ ಚಿಪ್ಪು ದಪ್ಪ, ಎಲ್ಲೂ ಬಿರುಕಿಲ್ಲ. ಮೂರು ಪಟ್ಟಿ ಒಣಗೇ ಇವೆ, ನಾಲ್ಕನೇದನ್ನ ಬದಲಾಯಿಸಬಹುದು. ಒಬ್ಬರೇ ಮೀನು ಹಿಡಿಯೋಕೆ ಹೋಗೋ ದೋಣಿ ಆಗಿದ್ರೆ ನಿನ್ನೇನೇ ಹೂಂ ಅಂತಿದ್ದೆ. ಇದರಲ್ಲಿ ಕೂರೋರು ಬೇರೆಯವರು, ಅವರಿಗೆ ಈಜು ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ." ಕೊನೆಗೆ ರಿಪೇರಿ ಎಂದೇ ಹೇಳುತ್ತಾರೆ, ಆದರೆ ಗಟ್ಟಿಯಿರುವ ಕೆಳಗಿನ ಅರ್ಧವನ್ನೂ ಕಿತ್ತು ಇಡೀ ಹಲಗೆ ಹೊಸದು ಹಾಕಬೇಕು, ಮೂವತ್ತರ ಬದಲು ಇಪ್ಪತ್ತನಾಲ್ಕು ಜನ ಸಾಕು. ಇಪ್ಪತ್ತನಾಲ್ಕಕ್ಕೆ ದೋಣಿಯವನು ಎರಡು ದಿನ ಗೊಣಗಿ ಒಪ್ಪುತ್ತಾನೆ.

ಕೆಲಸ ಹತ್ತೊಂಬತ್ತು ದಿನ ನಡೆಯುತ್ತದೆ. ಅಷ್ಟೂ ದಿನ ಅವನು ಬೆಳಿಗ್ಗೆ ಬಂದು ಸ್ಟೂಲು ಹಾಕಿಕೊಂಡು ಎದುರಿಗೇ ಕೂರುತ್ತಾನೆ. ಪ್ರತಿ ಪದರ ಮುಚ್ಚುವ ಮೊದಲು ಅಕ್ಕ ಅವನನ್ನು ಕರೆದು ಬೆರಳಿಟ್ಟು ನೋಡಲು ಹೇಳುತ್ತಾರೆ. ಏಳನೇ ದಿನದ ಹೊತ್ತಿಗೆ ಅವನೇ, "ಇಲ್ಲೊಂದು ಗಾಳಿಗುಳ್ಳೆ ಇದೆ ನೋಡಿ" ಎಂದು ಕೂಗತೊಡಗುತ್ತಾನೆ. "ಇವರನ್ನ ಇಲ್ಲೇ ಕೆಲಸಕ್ಕೆ ಇಟ್ಕೋಬಹುದು, ಗ್ರಹಚಾರ" ಎನ್ನುತ್ತಾಳೆ ತಂಗಿ.

ದೋಣಿ ನೀರಿಗಿಳಿಯುವ ದಿನ ಹೆಂಡತಿಯೂ ಭಾವನೂ ಬಂದಿದ್ದಾರೆ. ಅಣ್ಣ ತಂಗಿ ಒಂದೇ ದೋಣಿ ಹತ್ತುತ್ತಾರೆ, ಕೂರುವುದು ಬೇರೆ ಬೇರೆ ಬೆಂಚಿನಲ್ಲಿ. ಒಂದು ಸುತ್ತು ಹೊಡೆದು ವಾಪಸು ಬರುವಾಗ ಭಾವ ಏನೋ ಹೇಳುತ್ತಾನೆ, ದೋಣಿಯವನ ಹೆಂಡತಿ ತಲೆಯಾಡಿಸುತ್ತಾಳೆ. ಏನೆಂದು ದಡಕ್ಕೆ ಕೇಳಿಸುವುದಿಲ್ಲ. ದೋಣಿಯವನು ಅಕ್ಕನಿಗೆ ಥ್ಯಾಂಕ್ಸ್ ಹೇಳುವುದಿಲ್ಲ. "ಮುಂದಿನ ವರ್ಷ ಮತ್ತೆ ಕೊರೆಸ್ತೀನಿ" ಎನ್ನುತ್ತಾನೆ. "ಕೊರೆಸಿ" ಎನ್ನುತ್ತಾರೆ ಅಕ್ಕ.

ಹೊರಡುವ ಮೊದಲು, ಇಷ್ಟು ವರ್ಷದಲ್ಲಿ ಹೆಮ್ಮೆ ಎನಿಸಿದ್ದು ಯಾವುದು ಎಂದು ಕೇಳುತ್ತೇನೆ. ಅವರು ಬಾಲ್ದಿಯ ನೀರಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ಯೋಚಿಸುತ್ತಾರೆ.

"ರಿಪೇರಿ ಮಾಡಿದ ದೋಣಿ ಎಲ್ಲರಿಗೂ ಕಾಣುತ್ತೆ. ಬೇಡ, ಇದನ್ನ ನೀರಿಗೆ ಇಳಿಸಬೇಡಿ ಅಂತ ನಾನು ಹೇಳಿದ್ದು ಮೂವತ್ತೇಳು ದೋಣಿಗೆ. ಮೂವತ್ತೇಳೂ ಗುಜರಿಗೆ ಹೋದ್ವು, ಮಾಲೀಕರು ಬೈಕೊಂಡು ಹೋದ್ರು. ಅದರಲ್ಲಿ ಕೂತು ಯಾರೂ ಮುಳುಗಲಿಲ್ಲ. ಹಾಗೆ ಮುಳುಗದೆ ಉಳಿದೋರು ಯಾರು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ನಗುತ್ತಾರೆ. "ಬಸ್ಸಲ್ಲಿ ಗುರುತಿಲ್ಲದೋರು ಯಾರಾದ್ರೂ ಪಕ್ಕದಲ್ಲಿ ಬಂದು ಕೂತಾಗ ಒಂದೊಂದ್ಸಲ ಅನುಮಾನ ಬರುತ್ತೆ, ಇವರೇ ಇರಬಹುದಾ ಅಂತ."