ಬಾಡಿಗೆ ರೋಗಿಯ ಭಾರ

ಆಕೆಗೆ ಸಿಕ್ಕಿದ ಕೆಲಸ ಮಲಗುವುದು. ಬೆಳಿಗ್ಗೆ ಎದ್ದು, ತಲೆ ಬಾಚಿ, ಊಟದ ಡಬ್ಬಿ ಕಟ್ಟಿಕೊಂಡು, ಬಸ್ಸಿನಲ್ಲಿ ಜನರ ಮೊಣಕೈಯಿಂದ ತಿವಿಸಿಕೊಂಡು ನಿಂತು ಹೋಗಬೇಕು. ಅಷ್ಟೆಲ್ಲ ಆದ ಮೇಲೆ ಮಲಗಬೇಕು. ಸಂಜೆ ಎದ್ದು ಮನೆಗೆ ಬರಬೇಕು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವ ತಂಗಿಗೆ ಇದನ್ನು ನೆನೆದರೇ ಮೈ ಉರಿಯುತ್ತಿತ್ತು.

"ಒಂದೇ ಹೊಟ್ಟೇಲಿ ಹುಟ್ಟಿದ್ದೀವಿ. ನೀನು ಮಲಗಿ ದುಡೀತೀಯ, ನಾನು ನಿಂತು ಸಾಯ್ತೀನಿ," ಎನ್ನುತ್ತಿದ್ದಳು ತಂಗಿ. "ನಾಳೆ ನಿನಗೆ ಬಡ್ತಿ ಕೊಟ್ರೆ ಏನು ಮಾಡ್ಬೇಕು? ಗೊರಕೆ ಹೊಡೀಬೇಕಾ?"

"ಗೊರಕೆಗೆ ಬೇರೆ ಭತ್ಯೆ ಕೇಳ್ತೀನಿ ಬಿಡು," ಎನ್ನುತ್ತಿದ್ದಳು ಅಕ್ಕ.

ಕೆಲಸ ಕೊಟ್ಟದ್ದು ಒಂದು ತರಬೇತಿ ಕೇಂದ್ರ. ಇದೇ ಖಂಡದ ಇನ್ನೊಂದು ಮೂಲೆಯಲ್ಲಿದ್ದ ಒಂದು ಸಿರಿವಂತ ದೇಶದಲ್ಲಿ ಮುದುಕರು ಹೆಚ್ಚಾಗಿದ್ದರು, ಅವರನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾಗಿದ್ದವು. ಅಲ್ಲಿನವರು ಮಕ್ಕಳನ್ನು ಹೆರುವುದನ್ನೇ ಬಿಟ್ಟಿದ್ದಾರೆ ಎಂದು ಕೆಲವರು, ಹೆತ್ತ ಮಕ್ಕಳಿಗೆ ಪುರುಸೊತ್ತಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಈ ದೇಶದಲ್ಲಿ ಓದು ಮುಗಿಸಿ ಕೆಲಸವಿಲ್ಲದೆ ಕೂತ ಹುಡುಗಿಯರು ಬೇಕಾದಷ್ಟಿದ್ದರು. ಎರಡು ಸರ್ಕಾರಗಳೂ ಕೈಕುಲುಕಿದವು. ಪತ್ರಿಕೆಗಳು ಅದನ್ನು ಸ್ನೇಹ ಎಂದು ಕರೆದವು. ಸ್ನೇಹವಂತೆ! ಒಂದು ಕಡೆಯಿಂದ ಯಂತ್ರಗಳು ಬರುತ್ತವೆ, ಇನ್ನೊಂದು ಕಡೆಯಿಂದ ಹೆಣ್ಣುಮಕ್ಕಳು ಹೋಗುತ್ತಾರೆ, ನಡುವೆ ಇರುವವರು ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ.

ಹುಡುಗಿಯರನ್ನು ಕಳಿಸುವ ಮೊದಲು ಅವರಿಗೆ ಆ ದೇಶದ ಮಾತು, ಹಾಸಿಗೆ ಹಿಡಿದವರ ಆರೈಕೆ ಎರಡನ್ನೂ ಕಲಿಸಬೇಕು. ಅದಕ್ಕಾಗಿ ಕೇಂದ್ರದ ಮೇಲಿನ ಮಹಡಿಯಲ್ಲಿ ಆ ದೇಶದ ಮನೆಯಂಥದೇ ಒಂದು ಕೋಣೆ ಮಾಡಿದ್ದರು. ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಮಂಚ, ಗಾಲಿಕುರ್ಚಿ, ಪಿಂಗಾಣಿಯ ಸ್ನಾನದ ತೊಟ್ಟಿ. ತೊಟ್ಟಿಗೆ ನಲ್ಲಿ ಇರಲಿಲ್ಲ. ಹುಡುಗಿಯರು ಒಣ ತೊಟ್ಟಿಯಲ್ಲಿ ಖಾಲಿ ಚೊಂಬಿನಿಂದ ನೀರು ಹೊಯ್ದಂತೆ ಮಾಡಿ, ಇಲ್ಲದ ಸೋಪು ತಿಕ್ಕಿ, ಒದ್ದೆಯಾಗದ ಮೈಯನ್ನು ಒರೆಸಬೇಕಿತ್ತು. ಗೊಂಬೆ ತರಿಸಲು ಖರ್ಚು ಜಾಸ್ತಿ ಎಂದು ರೋಗಿಯಾಗಿ ಮಲಗಲು ಜೀವಂತ ಮನುಷ್ಯಳನ್ನೇ ಇಟ್ಟುಕೊಂಡರು. ಹುಡುಗಿಯರೆಲ್ಲ ಆಕೆಯನ್ನು ರೋಗಿ ಅಜ್ಜಿ ಎಂದೇ ಕರೆಯುತ್ತಿದ್ದರು.

ಅಜ್ಜಿ ಅಗಲ ಭುಜದ, ದಪ್ಪ ಮೂಳೆಯ ಹೆಂಗಸು. ಹಾಸಿಗೆ ಹಿಡಿಯುವುದು ಎಂದರೇನೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾದ ಹೊಸದರಲ್ಲೇ ಅತ್ತೆ ನೆಲ ಹಿಡಿದರು. ವರ್ಷಗಟ್ಟಲೆ ಅವರನ್ನು ಎತ್ತಿ, ಇಳಿಸಿ, ತೊಳೆದು, ಮಗ್ಗುಲು ಬದಲಿಸಿ ಮಲಗಿಸಿದವಳು ಇವಳೊಬ್ಬಳೇ. ಗಂಡ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು "ಅಮ್ಮ ಜೋಪಾನ" ಎನ್ನುತ್ತಿದ್ದ. ಹಾಗೆನ್ನುವುದೇ ಅವನ ಪಾಲಿನ ಸೇವೆ. ಅತ್ತೆ ತೀರಿಕೊಂಡಾಗ ಬಂದವರೆಲ್ಲ ಮಗನ ಬೆನ್ನು ತಟ್ಟಿ, ತಾಯಿಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡ ಎಂದು ಹೊಗಳಿ ಹೋದರು. ಸೊಸೆಯ ಸೊಂಟ ಅಷ್ಟರಲ್ಲಿ ಕೆಟ್ಟು ಕೂತಿತ್ತು. ಅದನ್ನು ಯಾರೂ ಕೇಳಲಿಲ್ಲ. ಗಂಡನೂ ಹೋದ ಮೇಲೆ ತಂಗಿಯ ಮನೆ ಸೇರಿದಳು. ಆ ಸೊಂಟಕ್ಕೆ ಮಲಗುವ ಕೆಲಸ ಸಿಕ್ಕಿದಾಗ, ಕೊನೆಗೂ ದೇವರು ಕಣ್ಣು ಬಿಟ್ಟ ಎಂದುಕೊಂಡಳು.

ಮೊದಲ ದಿನದಿಂದಲೂ ಆಕೆ ಹುಡುಗಿಯರಿಗೆ ಸಹಾಯ ಮಾಡುತ್ತಿದ್ದಳು. ಇನ್ನೂ ಮುಖದ ಹಸಿತನ ಹೋಗದ ಮಕ್ಕಳು, ಹೆದರಿಕೊಂಡು ಬೆವರುತ್ತಾ ಬಂದು ಬೆನ್ನ ಕೆಳಗೆ ಕೈ ತೂರಿಸಿದರೆ ಇವಳ ಕರುಳು ಚುರುಕ್ ಎನ್ನುತ್ತಿತ್ತು. ಯಾರಿಗೂ ಕಾಣದ ಹಾಗೆ ಮೊಣಕೈ ಊರಿ ಮೈ ಎತ್ತಿಕೊಡುತ್ತಿದ್ದಳು. ಮಗ್ಗುಲು ತಿರುಗಿಸುವಾಗ ಅರ್ಧ ತಾನೇ ತಿರುಗುತ್ತಿದ್ದಳು. ಅಂಗಿ ತೊಡಿಸಲು ಬಂದರೆ ತೋಳು ತಾನಾಗಿಯೇ ಒಳಗೆ ಹೋಗುತ್ತಿತ್ತು, ಚಮಚ ತುಟಿಯ ಹತ್ತಿರ ಬರುವ ಮೊದಲೇ ಬಾಯಿ ತೆರೆಯುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಪಾಸಾದರು. ಪ್ರಿನ್ಸಿಪಾಲರು ಎಲ್ಲರೆದುರು ಆಕೆಯನ್ನು ಹೊಗಳಿದರು. "ಇಂಥ ರೋಗಿ ಎಲ್ಲಿ ಹುಡುಕಿದ್ರೂ ಸಿಗಲ್ಲ," ಎಂದರು. ಆ ಮಾತು ಎಷ್ಟು ನಿಜ ಎಂದು ಅವರಿಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಹಿಂದಿನ ತಂಡದಲ್ಲಿ ಕಲಿತು ಹೋದ ಹುಡುಗಿಯೊಬ್ಬಳು ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಇಲ್ಲಿದ್ದಾಗ ಹಾಡುತ್ತಾ ಮಂಚ ಸುತ್ತುತ್ತಿದ್ದ ಹುಡುಗಿ ಅವಳು. ಅಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರನ್ನು ಶೌಚದ ಕುರ್ಚಿಗೆ ದಾಟಿಸುವಾಗ ಕೈ ಸೋತು, ಅವರು ಬಿದ್ದು, ತೊಡೆಯ ಮೂಳೆ ಮುರಿದಿತ್ತು. ಅವರ ಜೊತೆಗೆ ಬಿದ್ದು ಇವಳ ಬೆನ್ನೂ ಹೋಗಿತ್ತು. ನಿರ್ಲಕ್ಷ್ಯ ಎಂದು ಬರೆದು ವಾಪಸು ಕಳಿಸಿದ್ದರು. ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಕೇಂದ್ರದವರಾದರೂ ಒಂದು ಮಾತು ಹೇಳಿಯಾರು ಎಂದು ಬಂದಿದ್ದಳು. ಪ್ರಿನ್ಸಿಪಾಲರು ಅವಳನ್ನು ಒಳಗೂ ಕರೆಯಲಿಲ್ಲ. "ಪರೀಕ್ಷೆಯಲ್ಲಿ ಪಾಸಾಗಿದ್ದೀಯಲ್ಲಮ್ಮ, ಆಮೇಲಿಂದು ನಿನ್ನ ಜವಾಬ್ದಾರಿ," ಎಂದು ಬಾಗಿಲಲ್ಲೇ ಕೈ ತೊಳೆದುಕೊಂಡರು.

ಅಜ್ಜಿ ಅವಳನ್ನು ಮಂಚದ ಮೇಲೆ ಕೂರಿಸಿ ನೀರು ಕೊಟ್ಟಳು. "ಇಲ್ಲಿ ನನ್ನನ್ನ ಹೂವಿನ ಹಾಗೆ ಎತ್ತುತಿದ್ಯಲ್ಲೇ. ಅಲ್ಲಿ ಹೇಗೆ ಬೀಳಿಸಿದೆ?" ಎಂದು ಕೇಳಿದಳು.

"ನೀವು ಹಗುರ ಇದ್ರಿ ಅಜ್ಜಿ," ಎಂದಳು ಹುಡುಗಿ. "ಅವರು ಹಗುರ ಇರ್ಲಿಲ್ಲ."

ಅವಳು ಚುಚ್ಚಿ ಆಡಿದ ಮಾತಲ್ಲ ಅದು. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು, ಅಜ್ಜಿಯ ತೂಕವೇ ಅಷ್ಟು ಎಂದು. ಅಜ್ಜಿಗೆ ನೆಲ ಕುಸಿದ ಹಾಗಾಯಿತು. ಅವಳಿಗೆ ತನ್ನ ಮೇಲೆ ಬಂದ ಸಿಟ್ಟಿಗಿಂತ ಆ ಕೋಣೆಯ ಮೇಲೆ ಬಂದ ಸಿಟ್ಟು ಹೆಚ್ಚಿತ್ತು. ಒಣ ತೊಟ್ಟಿ, ಸುಳ್ಳು ನೀರು, ಸುಳ್ಳು ಸೋಪು, ಸುಳ್ಳು ರೋಗಿ. ನಿಜವಾದದ್ದು ಎಂದರೆ ಆ ಮಕ್ಕಳ ಬೆನ್ನುಮೂಳೆ ಒಂದೇ.

ಮರುದಿನದಿಂದ ಅಜ್ಜಿ ಭಾರವಾದಳು. ಮೊಣಕೈ ಊರಲಿಲ್ಲ, ಕತ್ತು ಎತ್ತಲಿಲ್ಲ. ಕೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತಿತ್ತು. ಅತ್ತೆ ಹೇಗೆ ಮಲಗುತ್ತಿದ್ದರೋ ಹಾಗೆಯೇ ಮಲಗಿದಳು. ಹುಡುಗಿಯರು ಕಂಗಾಲಾದರು. ಒಬ್ಬಳು ಎಳೆದು ಎಳೆದು ಸುಸ್ತಾಗಿ ಅಲ್ಲೇ ಕೂತು ಅತ್ತಳು. ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು, ಅವರು ಮಹಡಿ ಹತ್ತಿ ಬಂದರು.

"ಏನಜ್ಜಿ, ಮೈಗೆ ಹುಷಾರಿಲ್ವಾ?"

"ರೋಗಿ ಅಲ್ವಾ ಸಾರ್ ನಾನು? ಹುಷಾರು ಎಲ್ಲಿಂದ ಬರುತ್ತೆ?"

"ತಮಾಷೆ ಬೇಡ. ಮುಂದಿನ ವಾರ ಅಲ್ಲಿಂದ ನಿಯೋಗ ಬರ್ತಾ ಇದೆ. ಈ ತಂಡ ಪೂರ್ತಿ ಪಾಸಾಗ್ಬೇಕು. ಸ್ವಲ್ಪ ಹಗುರ ಆಗಿ."

"ಅಲ್ಲಿನ ಮುದುಕರಿಗೂ ಇದನ್ನೇ ಹೇಳಿ ಕಳಿಸ್ತೀರಾ ಸಾರ್, ಸ್ವಲ್ಪ ಹಗುರ ಆಗಿ ಅಂತ?" ಎಂದಳು ಅಜ್ಜಿ. "ಈ ಮಕ್ಕಳಿಗೆ ಇನ್ನೆರಡು ತಿಂಗಳು ಕೊಡಿ. ನಾನು ಹೆಣದ ಹಾಗೆ ಮಲಗ್ತೀನಿ, ಅವರು ಎತ್ತೋದು ಕಲೀಲಿ. ಕಲಿತ ಮೇಲೆ ಕಳಿಸಿ."

ಪ್ರಿನ್ಸಿಪಾಲರ ಮುಖ ಗಂಟಾಯಿತು. ಎರಡು ದೇಶಗಳ ನಡುವಿನ ವಿಷಯ ಇದು, ಇದರಲ್ಲಿ ನೀವು ತಲೆ ಹಾಕಬೇಡಿ, ಮಲಗೋದಕ್ಕೆ ಜನ ಬೇಕಾದಷ್ಟು ಸಿಗುತ್ತಾರೆ ಎಂದು ಹೇಳಿ ಇಳಿದು ಹೋದರು. ಅಜ್ಜಿಯ ಸಿಟ್ಟು ನೆತ್ತಿಗೇರಿತು. ಎರಡು ದೇಶಗಳ ನಡುವೆ ಇರುವುದು ಏನು ಹಾಗಾದರೆ? ಈ ಮಂಚ, ಇದರ ಮೇಲೊಂದು ಮೈ, ಅದನ್ನು ಎತ್ತುವ ಒಬ್ಬ ಹುಡುಗಿ. ಇಷ್ಟೇ ತಾನೆ? ಇಷ್ಟರಲ್ಲಿ ಸುಳ್ಳು ಹೇಳಿದ ಮೇಲೆ ಉಳಿದದ್ದರಲ್ಲಿ ನಿಜ ಎಲ್ಲಿರುತ್ತದೆ!

ಆ ತಂಡದಲ್ಲಿ ಅಜ್ಜಿಯನ್ನು ಬಲು ಹಚ್ಚಿಕೊಂಡವಳೆಂದರೆ ಕಡ್ಡಿ. ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿದ್ದುದರಿಂದ ಆ ಹೆಸರು. ನಿಯೋಗ ಬರುವ ಹಿಂದಿನ ದಿನ ಎಲ್ಲರೂ ಹೋದ ಮೇಲೆ ಅವಳು ಮಂಚದ ಪಕ್ಕ ಬಂದು ನಿಂತಳು.

"ಅಜ್ಜಿ, ನಾಳೆ ಒಂದಿನ ಹಗುರ ಇರಿ ಅಜ್ಜಿ. ನಾನು ಹೋಗ್ತೀನಿ ಅಂತ ಅಮ್ಮ ಬೀದಿಗೆಲ್ಲಾ ಹೇಳ್ಕೊಂಡು ಬಂದಿದ್ದಾಳೆ. ಇಲ್ಲಿ ಉಳಿದ್ರೆ ನನಗೆ ಏನಿದೆ? ಆಮೇಲೆ ನಾನೇ ಕಲ್ಕೋತೀನಿ."

"ಯಾರ ಮೇಲೆ ಕಲ್ಕೋತೀಯ? ಬೀಳ್ಸಿ ಕಲ್ಕೋತೀಯಾ?" ಎಂದು ಅಜ್ಜಿ ಅವಳ ತೋಳು ಹಿಡಿದು ನೋಡಿದಳು. ಬೆರಳುಗಳು ಸುತ್ತಿ ಒಂದನ್ನೊಂದು ಮುಟ್ಟಿದವು. "ನನ್ನ ಸೊಂಟ ನೋಡಿದ್ದೀಯಲ್ಲ. ಅದು ಹೋದ ಮೇಲೆ ಯಾವ ದೇಶಾನೂ ವಾಪಸು ಕೊಡಲ್ಲ."

"ಕಲಿಸೋಕೆ ಅವರು ಬಿಡಲ್ಲ, ಪಾಸಾಗೋಕೆ ನೀವು ಬಿಡಲ್ಲ. ನಾನೇನು ಮಾಡ್ಲಿ ಹೇಳಿ," ಎಂದು ಕಡ್ಡಿ ಅಳುತ್ತಾ ಹೋದಳು. ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅಜ್ಜಿಯನ್ನು ಹೆಚ್ಚು ಕಾಡಿತು.

ನಿಯೋಗ ಬಂತು. ಮೇಜಿನ ಮೇಲೆ ಎರಡು ಪುಟ್ಟ ಬಾವುಟ, ಗೋಡೆಗೆ "ಎರಡು ದೇಶ, ಒಂದೇ ಕುಟುಂಬ" ಎಂಬ ಬಟ್ಟೆ. ಕುಟುಂಬದ ಯಜಮಾನರಂತೆ ನಾಲ್ಕು ಜನ ಕುರ್ಚಿಯಲ್ಲಿ ಕೂತರು. ಮೊದಲು ಕಡ್ಡಿಯನ್ನೇ ಕರೆದರು. ಅವಳು ಆ ದೇಶದ ಮಾತಿನಲ್ಲಿ ನಮಸ್ಕಾರ ಹೇಳಿ, ಈಗ ನಿಮ್ಮನ್ನು ಎಬ್ಬಿಸುತ್ತೇನೆ ಎಂದು ನಕ್ಕು, ಅಜ್ಜಿಯ ಬೆನ್ನ ಕೆಳಗೆ ಕೈ ಹಾಕಿದಳು. ಆ ಕೈ ತಣ್ಣಗಿತ್ತು. ಒಂದು ಮೊಣಕೈ ಊರಿದರೆ ಸಾಕಿತ್ತು. ಅಜ್ಜಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಊರಲಿಲ್ಲ.

ಕಡ್ಡಿ ಎಳೆದಳು. ಮತ್ತೆ ಎಳೆದಳು. ಅವಳ ಉಸಿರು ಅಜ್ಜಿಯ ಕೆನ್ನೆಗೆ ಬಡಿಯುತ್ತಿತ್ತು. "ಅಜ್ಜಿ, ದಮ್ಮಯ್ಯ," ಎಂದು ಕಿವಿಯಲ್ಲಿ ಹೇಳಿದಳು. ಅತಿಥಿಗಳಲ್ಲಿ ಒಬ್ಬ ಗಡಿಯಾರ ನೋಡಿಕೊಂಡ. ಪ್ರಿನ್ಸಿಪಾಲರು ಜೋರಾಗಿ ನಕ್ಕು, ನಮ್ಮ ರೋಗಿಗೆ ಇವತ್ತು ನಿಜವಾಗಿಯೂ ಮೈ ಸರಿಯಿಲ್ಲ ಎಂದು ಅವರಿಗೆ ತಿಳಿಸಿ, ಕಾವಲುಗಾರನನ್ನು ಕರೆದು ಅಜ್ಜಿಯನ್ನು ಕೆಳಗೆ ಕಳಿಸಿದರು. ಕಚೇರಿಯಲ್ಲಿ ಟೈಪು ಮಾಡುವ ಹುಡುಗಿ ಬಂದು ಮಂಚದ ಮೇಲೆ ಮಲಗಿದಳು.

ಅಜ್ಜಿ ಅಂಗಳದ ಕಟ್ಟೆಯ ಮೇಲೆ ಡಬ್ಬಿ ತೊಡೆಯಲ್ಲಿಟ್ಟುಕೊಂಡು ಕೂತಳು. ಮೇಲಿನಿಂದ ಚಪ್ಪಾಳೆ ಕೇಳಿತು, ಸ್ವಲ್ಪ ಹೊತ್ತಿಗೆ ಮತ್ತೆ ಚಪ್ಪಾಳೆ, ಮತ್ತೆ ಚಪ್ಪಾಳೆ. ಕೊನೆಗೆ ಹುಡುಗಿಯರು ಪ್ರಮಾಣಪತ್ರ ಹಿಡಿದು ಇಳಿದು ಬಂದರು. ಒಬ್ಬಳೂ ಫೇಲಾಗಿರಲಿಲ್ಲ. ಕಡ್ಡಿ ದೂರದಿಂದಲೇ ಹೋಗುವವಳಿದ್ದಳು, ಅಜ್ಜಿ ಕರೆದಳು.

"ಎತ್ತಿದೆಯಾ ಅವಳನ್ನ?"

ಕಡ್ಡಿ ತಲೆ ತಗ್ಗಿಸಿದಳು. "ಅವರೇ ಎದ್ದು ಕೂತ್ರು ಅಜ್ಜಿ."

ಅಜ್ಜಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಎದ್ದಳು. ನೆಟ್ಟಗೆ ಗೇಟಿಗೆ ಹೋದಳು. ಅತಿಥಿಗಳು ಕಾರು ಹತ್ತಿಯಾಗಿತ್ತು, ಎಂಜಿನ್ ಶುರುವಾಗಿತ್ತು. ಎರಡು ಕಂಬಗಳ ನಡುವೆ, ಕಾರಿನ ಮುಂದೆ, ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತು, ಆಮೇಲೆ ಬೆನ್ನು ನೆಲಕ್ಕೆ ಕೊಟ್ಟು ಮಲಗಿಬಿಟ್ಟಳು.

"ಎತ್ತಿಸಿ ಸಾರ್," ಎಂದಳು ಆಕಾಶ ನೋಡುತ್ತಾ. "ಎಲ್ಲಾ ಪಾಸಾಗಿದ್ದಾರಲ್ಲ. ಎತ್ತಿಸಿ."

ಹಾರ್ನ್ ಹೊಡೆದರು. ಪ್ರಿನ್ಸಿಪಾಲರು ಓಡಿ ಬಂದು, ಮೊದಲು ಅಜ್ಜಿ ಎಂದರು, ಆಮೇಲೆ ಏನಮ್ಮ ಎಂದರು, ಕೊನೆಗೆ ಮರ್ಯಾದೆಯೆಲ್ಲ ಬಿಟ್ಟು "ಏಳೇ ಮೇಲೆ!" ಎಂದು ಕಿರುಚಿದರು. ಅಜ್ಜಿ ಕದಲಲಿಲ್ಲ. ಕಾರಿನ ಗಾಜಿನೊಳಗಿನಿಂದ ಅತಿಥಿಗಳು ಇದೂ ಒಂದು ಕಾರ್ಯಕ್ರಮವೇನೋ ಎಂಬಂತೆ ನೋಡುತ್ತಿದ್ದರು. ಪ್ರಿನ್ಸಿಪಾಲರು ಹುಡುಗಿಯರ ಕಡೆ ತಿರುಗಿದರು. "ಏನು ನೋಡ್ತಾ ನಿಂತಿದ್ದೀರಿ? ಎತ್ತಿ ಆಚೆ ಹಾಕಿ ಅವಳನ್ನ!"

ಹುಡುಗಿಯರು ಪ್ರಮಾಣಪತ್ರ ಕಂಕುಳಲ್ಲಿ ಒತ್ತಿಕೊಂಡು ಓಡಿ ಬಂದರು. ಒಬ್ಬಳು ತೋಳು ಹಿಡಿದಳು, ಇನ್ನೊಬ್ಬಳು ಪಾದ ಹಿಡಿದಳು. ಮೊಣಕಾಲು ಬಗ್ಗಿಸಬೇಕೆಂದು, ಮೊದಲು ಮಗ್ಗುಲಿಗೆ ತಿರುಗಿಸಬೇಕೆಂದು, ತಲೆಗೆ ಆಸರೆ ಕೊಡಬೇಕೆಂದು ಯಾರಿಗೂ ನೆನಪಾಗಲಿಲ್ಲ. ಆಗದೇ ಇದ್ದಾಗ ಇನ್ನೂ ನಾಲ್ಕು ಜನ ಸೇರಿದರು, ಕಾವಲುಗಾರನೂ ಕೈ ಹಾಕಿದ. ಎಲ್ಲರೂ ಕೂಡಿ ಆಕೆಯನ್ನು ಜಲ್ಲಿಯ ಮೇಲೆ ದರದರ ಎಳೆದು ಗೋಡೆಯ ಪಕ್ಕಕ್ಕೆ ಹಾಕಿದರು. ಕಾರು ಹೊರಟಿತು. ಒಳಗಿನಿಂದ ಒಬ್ಬರು ಕೈ ಬೀಸಿದರು, ಪ್ರಿನ್ಸಿಪಾಲರೂ ಬೀಸಿದರು.

ಕಡ್ಡಿ ಏದುಸಿರು ಬಿಡುತ್ತಾ ಅಜ್ಜಿಯ ಪಕ್ಕ ಕುಸಿದು ಕೂತಳು. ಪಾದ ಹಿಡಿದು ಎಳೆದವಳು ಅವಳೇ. ಅಜ್ಜಿಯ ಕೂದಲಿನ ಜಲ್ಲಿಪುಡಿ ಕೊಡವುತ್ತಾ, "ಪೆಟ್ಟಾಯ್ತಾ ಅಜ್ಜಿ? ಯಾಕಜ್ಜಿ ಹೀಗೆ ಮಾಡ್ಕೊಂಡ್ರಿ?" ಎಂದು ಅತ್ತಳು.

ಅಜ್ಜಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಳು. "ಎಷ್ಟು ಜನ ಎಳೆದ್ರಿ ನನ್ನ?"

ಕಡ್ಡಿ ಸುತ್ತ ನೋಡಿದಳು. "ಆರು ಜನ ಅಜ್ಜಿ. ಕಾವಲಿನವನು ಬೇರೆ."

"ಅಲ್ಲಿ ನೀನೊಬ್ಬಳೇ ಇರ್ತೀಯ ಕಣೇ," ಎಂದಳು ಅಜ್ಜಿ.