ಮೇಲ್ಕಣಿವೆಯ ಸರದಿ ತಪ್ಪಿದ ಬೆಳಗು

ನಾರಿನ್ ಊರಿಗೆ ಇನ್ನೂ ಬಿಸಿಲು ಇಳಿದಿಲ್ಲ. ಗುಡ್ಡದ ನೆರಳು ನದಿ ದಾಟಿ ಬಜಾರಿನವರೆಗೆ ಚಾಚಿಕೊಂಡಿದೆ. ರೇಡಿಯೋ ಕೇಂದ್ರದ ಹಿಂಬಾಗಿಲನ್ನು ಭುಜದಿಂದ ನೂಕಿ ಒಳಬರುವ ತಂತ್ರಜ್ಞೆ ಜೂರಾಕಾನ್ ಮೊದಲು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ, ಆಮೇಲೆ ಚಹಾಕ್ಕೆ ನೀರಿಡುತ್ತಾರೆ. "ಯಾವ್ದು ಮೊದ್ಲು ಎದ್ದೇಳುತ್ತೆ ನೋಡೋಣ ಅಂತ ದಿನಾ ನಂಗೊಂದು ಪಂದ್ಯ. ಹೆಚ್ಚಾಗಿ ಕೆಟಲ್ಲೇ ಗೆಲ್ಲೋದು," ಎಂದು ನಗುತ್ತಾರೆ.

ಸುದ್ದಿ ಮುಗಿಯುತ್ತಿದ್ದಂತೆ ಅವರ ಬೆರಳು ಮೌಸಿನ ಮೇಲೆ ಒಮ್ಮೆ ಟಕ್ಕೆನ್ನುತ್ತದೆ. ಸ್ಪೀಕರಿನಲ್ಲಿ ಯಾರೋ ಒಬ್ಬ ಗಂಡಸು ಗಂಟಲು ಸರಿಮಾಡಿಕೊಳ್ಳುತ್ತಾನೆ: "ಅಮ್ಮಾ, ಉಪ್ಪಿನ ಮೂಟೆ ಶುಕ್ರವಾರದ ಲಾರೀಲಿ ಬರುತ್ತೆ. ಕುಂಟ ಆಡನ್ನ ಮಾರ್ಬೇಡ, ನಾನು ಬಂದು ನೋಡ್ತೀನಿ." ಅವನ ಹಿಂದೆ ಒಬ್ಬ ಹೆಂಗಸು, ಆಮೇಲೆ ಇನ್ನೊಬ್ಬರು. ಬೇಸಿಗೆಯಲ್ಲಿ ಕುರಿ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋದವರಿಗೆ ಊರಲ್ಲಿ ಉಳಿದವರು ಕಳಿಸುವ ಮಾತುಗಳಿವು. ಅಲ್ಲಿ ಫೋನು ಸಿಗುವುದಿಲ್ಲ. ಈ ಮಾತುಗಳನ್ನು ಸಂಜೆ ದಾಖಲಿಸಿಕೊಂಡು ಬೆಳಿಗ್ಗೆ ಗಾಳಿಗೆ ಬಿಡುವವರು ಜೂರಾಕಾನ್. ಅವರ ಸ್ವಂತ ದನಿ ಮಾತ್ರ ಒಂದು ದಿನವೂ ರೇಡಿಯೋದಲ್ಲಿ ಬಂದಿಲ್ಲ.

ಶಾಲೆ ಮುಗಿಸಿದ ವರ್ಷವೇ ಟೇಪು ಸುತ್ತುವ ಕೆಲಸಕ್ಕೆ ಇಲ್ಲಿ ಸೇರಿದವರು. ಹಳೆಯ ದೇಶ ಒಡೆದು ಹೊಸ ದೇಶವಾದ ಹೊತ್ತಿನಲ್ಲಿ ಸಂಬಳದ ಬದಲು ಹಿಟ್ಟಿನ ಚೀಲ ಕೊಟ್ಟರು. ಜೊತೆಯವರೆಲ್ಲ ಬಜಾರಿನಲ್ಲಿ ಅಂಗಡಿ ಹಾಕಿದರು, ಇವರು ಕದಲಲಿಲ್ಲ. "ಆ ಚಳಿಗಾಲ ಹಿಟ್ಟಲ್ಲಿ ಹುಳ ಇತ್ತು. ಜರಡಿ ಹಿಡಿದು, ನಾದಿ ತುಂಡು ಮಾಡಿ ಬೊರ್ಸೊಕ್ ಕರಿದೆ. ಮಕ್ಕಳು ಚೆನ್ನಾಗೇ ತಿಂದ್ವು." ಬೇಸರವೇ ಆಗಲಿಲ್ಲವೇ ಎಂದರೆ, "ಆಗಿತ್ತು. ಆದ್ರೆ ನಾನು ಎದ್ದು ಹೋದ್ರೆ ಆ ಟೇಪುಗಳು ಎಲ್ಲಿವೆ ಅಂತ ಯಾರಿಗೆ ಗೊತ್ತಿತ್ತು?" ಎನ್ನುತ್ತಾರೆ.

ಟೇಪು ಹೋಗಿ ಕಂಪ್ಯೂಟರು ಬಂದಾಗ ಅವರು ತಮ್ಮದೇ ಒಂದು ಕ್ರಮ ಕಟ್ಟಿಕೊಂಡರು. ಕಡತದ ಹೆಸರಿನ ಮೊದಲಿಗೆ ಕಣಿವೆಯ ಅಂಕಿ, ಆಮೇಲೆ ಮನೆತನದ ಹೆಸರು. ಎಲ್ಲಕ್ಕಿಂತ ಎತ್ತರದ ಮೇಲ್ಕಣಿವೆಗೆ ಒಂದನೇ ಅಂಕಿ. ಪ್ರಸಾರವಾದ ಮಾತಿನ ಹೆಸರಿನ ಮೊದಲಿಗೆ ತಮ್ಮ ಅಕ್ಷರಮಾಲೆಯ ಕೊನೆಯ ಅಕ್ಷರವನ್ನು ಅಂಟಿಸುತ್ತಿದ್ದರು. ಅದು ತಾನಾಗಿ ಪಟ್ಟಿಯ ತಳಕ್ಕೆ ಇಳಿಯುತ್ತಿತ್ತು. "ಹಳೇ ಮಾತು ಕೆಳಗಿಳಿದು ತೆಪ್ಪಗೆ ಮಲಗ್ಬೇಕು. ಹೊಸ ಮಾತು ಮೇಲೆ ಸಾಲಾಗಿ ನಿಲ್ಬೇಕು. ಕಣ್ಣು ಮುಚ್ಚಿ ಕೈ ಹಾಕಿದ್ರೂ ಸಿಗ್ತಿತ್ತು."

ಈ ಬೇಸಿಗೆಯ ಆರಂಭದಲ್ಲೊಂದು ಬೆಳಿಗ್ಗೆ ಕೆಟಲು ಕುದ್ದು ಆರಿದರೂ ಕಂಪ್ಯೂಟರು ಏಳಲಿಲ್ಲ. 'ಹೊಸದಾಗುತ್ತಿದೆ, ದಯವಿಟ್ಟು ಕಾಯಿರಿ' ಎಂದು ಚಕ್ರ ತಿರುಗಿಸುತ್ತ ಕೂತಿತ್ತು. ಎದ್ದಾಗ ಸುದ್ದಿ ಮುಗಿಯುವುದರಲ್ಲಿತ್ತು. ಜೂರಾಕಾನ್ ಅಭ್ಯಾಸಬಲದಿಂದ ಮೇಲಿನ ಸಾಲುಗಳನ್ನು ಹಿಡಿದು ಗಾಳಿಗೆ ಬಿಟ್ಟೇಬಿಟ್ಟರು. ಹೊಸ ವ್ಯವಸ್ಥೆ ಯಾರನ್ನೂ ಕೇಳದೆ ಹೆಸರಿನ ಕ್ರಮ ತೆಗೆದು ತಾರೀಖಿನ ಕ್ರಮ ಹಾಕಿತ್ತು. ಕೊನೆಗೆ ಬಂದದ್ದು ಮೊದಲು. ಸಂಜೆ ತಡವಾಗಿ ದಾಖಲಾದ ಕೆಳಕಣಿವೆಯ ಮಾತುಗಳು ಮುಂದೆ, ಬೇಗ ದಾಖಲಾದ ಮೇಲ್ಕಣಿವೆಯವು ಹಿಂದೆ. ಅಷ್ಟಲ್ಲದೆ ನಡುವೆ ಯಾರೋ ಕೂಗಿದ: "ಕಳೆದುಹೋಗಿದೆ! ಕಂದು ಹೆಣ್ಣು ಕುದುರೆ, ಹಿಂಗಾಲು ಬಿಳಿ, ಎಡಗಿವಿ ಸೀಳು!"

"ಅದು ಹೋದ ಶರತ್ಕಾಲದ ಮಾತು! ಅದು ಮೇಲೆ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಚಹಾ ಮಡಿಲಿಗೆ ಚೆಲ್ಲಿಕೊಂಡೆ." ಆದರೂ ಒಂದು ಸಮಾಧಾನವಿತ್ತು. ಅಂದಿನ ಮಾತುಗಳೆಲ್ಲ ಹಿಂದೆ ಮುಂದೆ ಆಗಿಯಾದರೂ ಪ್ರಸಾರವಾಗಿದ್ದವು.

ಆ ಸಮಾಧಾನ ಸಂಜೆಯವರೆಗಷ್ಟೇ ಉಳಿಯಿತು. ಆಸ್ಪತ್ರೆಯ ನರ್ಸ್ ಬುರುಲ್, ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಂದ ಇಳಿಸದೆಯೇ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನನ್ನ ಮಾತು ಹಾಕಿದ್ರೋ ಇಲ್ವೋ?"

"ಹಾಕಿದೀನಮ್ಮ, ಕಿವಿಯಾರೆ ಕೇಳಿದೀನಿ."

"ಹಂಗಿದ್ರೆ ಸೇತುವೆ ಹತ್ರ ಒಂದು ನರಪಿಳ್ಳೇನೂ ಯಾಕೆ ಬರ್ಲಿಲ್ಲ? ಪಕ್ಕದ ಕಣಿವೇಲಿ ದಡಾರ ಎದ್ದಿದೆ. ಮೇಲ್ಕಣಿವೆ ಮಕ್ಕಳಿಗೆ ಸೂಜಿ ಹಾಕೋಕೆ ಅಂತ ದಿನವೆಲ್ಲ ಬಿಸಿಲಲ್ಲಿ ಕಾದೆ!"

ಜೂರಾಕಾನ್‌ಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸೋಜಿಗ. ಹೇಳಿದ್ದು ನಿಜ, ಕೇಳಿಸಿಕೊಂಡವರಿಲ್ಲ. ನಡುವೆ ಮಾತು ಎಲ್ಲಿಗೆ ಹೋಯಿತು? ಮರುದಿನದ ಪ್ರಸಾರ ಮುಗಿದದ್ದೇ ತಡ, ಬುರುಲ್ ಜೊತೆ ಜೀಪು ಹತ್ತಿದರು. ಸೇತುವೆಯಿಂದಾಚೆಗೆ ಕುದುರೆ. "ಮೂವತ್ತು ಬೇಸಿಗೆ ಅವರಿಗೆ ಮಾತು ಕಳಿಸಿದೀನಿ, ಅಲ್ಲಿಗೆ ಕಾಲಿಟ್ಟವಳಲ್ಲ. ಕುದುರೆ ಮೇಲೆ ಕೂತೂ ಯಾವ ಕಾಲವಾಗಿತ್ತೋ."

ಮೊದಲ ಗುಡಾರ ಆಸಿಲ್ಕಾನ್ ಅಜ್ಜಿಯದು. ಅಜ್ಜಿ ಕಿಮಿಜ್ ಎಂಬ ಹುಳಿ ಕುದುರೆಹಾಲಿನ ಬಟ್ಟಲು ಕೈಗಿಟ್ಟು, ಬಂದ ಕಾರಣ ಕೇಳಿ, ಸೊಂಟಕ್ಕೆ ಕೈಯಿಟ್ಟಳು.

"ಓಹೋ, ಆ ರೇಡಿಯೋದವಳು ನೀನೇನಾ? ಏನಾಯ್ತೇ ನಿಂಗೆ? ನಿನ್ನೆಯಿಂದ ನಮ್ಮ ಕಣಿವೆಯವ್ರು ಸತ್ತೇ ಹೋದ್ರಾ?"

"ಅಜ್ಜಿ, ನಿಮ್ಮದೂ ಹಾಕಿದೀನಿ. ಕೊನೇಲಿ ಬಂತು."

"ಕೊನೇಲಿ ಬಂದ್ರೆ ಯಾರು ಕೇಳ್ಬೇಕು? ಸುದ್ದಿ ಆದ ತಕ್ಷಣ ನಮ್ಮದು. ನಮ್ಮದು ಮುಗೀತು ಅಂದ್ರೆ ಟಪ್ ಅಂತ ಆರಿಸ್ತೀವಿ. ಸೆಲ್ಲು ಏನು ಹುಲ್ಲಿನ ಜೊತೆ ಬೆಳೆಯುತ್ತಾ ಇಲ್ಲಿ?"

ಜೂರಾಕಾನ್ ಮೇಲ್ಕಣಿವೆಗೆ ಒಂದನೇ ಅಂಕಿ ಕೊಟ್ಟದ್ದು ಅದು ನಕಾಶೆಯಲ್ಲಿ ಮೇಲಿತ್ತೆಂಬ ಕಾರಣಕ್ಕೆ, ಬೇರೇನಕ್ಕೂ ಅಲ್ಲ. ಆದರೆ ಜನ ಆ ಕ್ರಮಕ್ಕೆ ತಮ್ಮ ಬೆಳಗುಗಳನ್ನೇ ಹೊಂದಿಸಿಕೊಂಡಿದ್ದರು. ಮೇಲ್ಕಣಿವೆಯವರು ಕೇಳಿ ಆರಿಸಿ ಹಾಲು ಕರೆಯಲು ಹೋಗುತ್ತಾರೆ. ನಡುಕಣಿವೆಯವರು ಕುರಿ ಬಿಟ್ಟು ಬಂದು ರೇಡಿಯೋ ಹಾಕುತ್ತಾರೆ. ಕೆಳಕಣಿವೆಯವರದು ರೊಟ್ಟಿ ಬೆಂದ ಮೇಲೆ. "ನಾನು ಕಡತ ಜೋಡಿಸ್ತಿದೀನಿ ಅಂದ್ಕೊಂಡಿದ್ದೆ. ಅವರು ಅದನ್ನ ಗಡಿಯಾರ ಮಾಡ್ಕೊಂಡಿದ್ರು," ಎನ್ನುವಾಗ ಅವರ ಕಣ್ಣಲ್ಲಿ ಆ ಬೆರಗು ಇನ್ನೂ ಇದೆ.

ಬುರುಲ್ ಗುಡಾರದಿಂದ ಗುಡಾರಕ್ಕೆ ಹೋಗಿ ಸೂಜಿ ಹಾಕಿದಳು. ಅಳುವ ಮಕ್ಕಳನ್ನು ಹಿಡಿದುಕೊಂಡವರು ಜೂರಾಕಾನ್. ಆಗಲೇ ಮೈ ಬಿಸಿಯಾಗಿದ್ದ ಒಂದು ಹೆಣ್ಣುಮಗುವನ್ನು ತಾಯಿಯ ಸಮೇತ ಆಸ್ಪತ್ರೆಗೆ ಇಳಿಸಿಕೊಂಡು ಬಂದರು. ಮಗು ಹುಷಾರಾಗಿ ಮರಳುವವರೆಗೆ ದಿನಾ ಸಂಜೆ ಹೋಗಿ ನೋಡಿದರು.

ಊರಿಗೆ ಬಂದವರು ಬಜಾರಿನ ಕಂಪ್ಯೂಟರ್ ರಿಪೇರಿಯ ಇರಿಸ್ಬೆಕ್‌ನನ್ನು ಎಳೆದು ತಂದರು.

"ಅಕ್ಕಾ, ಹೊಸದು ಮೇಲೆ ಬರೋದು ಒಳ್ಳೇದೇ ಅಲ್ವಾ? ಲೋಕವೆಲ್ಲ ಹಂಗೇ ನಡೀತಿದೆ."

"ಲೋಕ ನಡೀಲಪ್ಪ. ಆಸಿಲ್ಕಾನ್ ಅಜ್ಜಿಗೂ ನಡೀಬೇಕಲ್ಲ?"

ಅವನು ಹೆಸರಿನ ಕ್ರಮವನ್ನು ಮರಳಿ ತಂದುಕೊಟ್ಟ. ಒಂದು ವಾರಕ್ಕೆ ಅದು ಮತ್ತೆ ಹಾರಿಹೋಯಿತು. ಎರಡನೇ ಸಲ ಜೂರಾಕಾನ್ ಅವನ ಕೈ ಸರಿಸಿ, "ನೀನು ಹೇಳು, ನಾನು ಒತ್ತುತ್ತೀನಿ," ಎಂದು ಕಲಿತುಕೊಂಡರು. ಈಗ ಪ್ರತಿ ಬೆಳಿಗ್ಗೆ ಪ್ರಸಾರಕ್ಕೆ ಮೊದಲು ಪಟ್ಟಿಯನ್ನು ಬೆರಳಿಟ್ಟು ಓದುತ್ತಾರೆ. ಕಣ್ಣು ಮುಚ್ಚಿ ಕೈ ಹಾಕುವ ಕಾಲ ಮುಗಿಯಿತು.

ಆ ಕುದುರೆಯ ಕಥೆಗೂ ಒಂದು ಬಾಲವಿದೆ. ಎರಡು ಬೆಟ್ಟದಾಚೆಯ ಕೊಯ್ಚುಮಾನ್ ಎಂಬ ಕುರುಬ ಒಂದು ದಿನ ಕೇಂದ್ರದ ಅಂಗಳಕ್ಕೇ ಸೀಳುಕಿವಿಯ ಕಂದು ಕುದುರೆಯನ್ನು ಹಿಡಿದು ತಂದ. ಚಳಿಗಾಲವಿಡೀ ಅದು ಅವನ ಹಿಂಡಿನಲ್ಲಿತ್ತು. "ಹೋದ ವರ್ಷ ನನ್ನ ರೇಡಿಯೋ ಕೆಟ್ಟಿತ್ತು ಅಕ್ಕ. ಈಗ ಕೇಳಿಸ್ತು. ಪಕ್ಕದಲ್ಲಿ ಮರೀನೂ ಇದೆ, ಅದು ಯಾರದು ಅಂತ ಮಾತ್ರ ನನ್ನನ್ನ ಕೇಳ್ಬೇಡಿ!" ಅದಾದ ಮೇಲೆ ಜೂರಾಕಾನ್ ಶನಿವಾರಗಳಂದು ಎಲ್ಲರ ಸರದಿ ಮುಗಿದ ನಂತರ ತಳದಿಂದ ಒಂದೆರಡು ಹಳೆಯ ಮಾತು ಎತ್ತಿ ಹಾಕುತ್ತಾರೆ. ಮೇಲಿನವರು ಕೇಳುತ್ತಾರೋ ಇಲ್ಲವೋ ತಿಳಿಯದು.

ಮುಂದಿನ ವರ್ಷ ನಿವೃತ್ತಿ. ಏನು ಆಸೆ ಎಂದು ಕೇಳಿದರೆ ಕಿಟಕಿಯಾಚೆಯ ಗುಡ್ಡದ ಕಡೆ ನೋಡುತ್ತಾರೆ. "ಒಂದು ಬೇಸಿಗೆ ಮೇಲೆ ಹೋಗಿರ್ಬೇಕು. ಸುದ್ದಿ ಮುಗಿಯೋವರ್ಗೂ ಕಾದು, ಟಕ್ ಅಂತ ರೇಡಿಯೋ ಹಾಕ್ಬೇಕು. ಊರಿಂದ ಯಾರಾದ್ರೂ ನಂಗೂ ಒಂದು ಮಾತು ಕಳಿಸ್ತಾರಾ ನೋಡ್ಬೇಕು."