ಬೆಂಕಿ ಮಾಮನ ಕಾಯುವ ಕಾರು

ಊರಿನ ಬೆಂಕಿಯನ್ನೆಲ್ಲ ಆರಿಸಿ ನಿವೃತ್ತರಾದ ಮನುಷ್ಯನಿಗೆ ಸ್ವಂತ ಕಾರಿನ ಎಂಜಿನ್ನನ್ನು ತಣ್ಣಗಿಡಲು ಆಗಲಿಲ್ಲ. ಅಗ್ನಿಶಾಮಕ ದಳದಲ್ಲೇ ತಲೆ ನರೆಸಿಕೊಂಡ ಅವರು ಬೀದಿಯವರಿಗೆಲ್ಲ ಬೆಂಕಿ ಮಾಮ. ಆ ಹೆಸರಿಗೆ ನೌಕರಿ ಅರ್ಧ ಕಾರಣ, ಮೂಗಿನ ತುದಿಯ ಕೋಪ ಇನ್ನರ್ಧ.

ನಿವೃತ್ತಿಯ ನಂತರ ಅವರು ತಂದದ್ದು ತಮಗಿಂತ ತುಸುವೇ ಕಿರಿಯದಾದ ಒಂದು ಕಾರು. ದುಂಡು ಮೂತಿ, ಹಿಂದೆ ಸೋಫಾದಂಥ ಸೀಟು. ತಂದವರೇ ಎಂಜಿನ್ನಿನ ಭಾಗಗಳನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿಯಬಹುದಾದ ಕಡೆಯೆಲ್ಲ ತಮ್ಮ ಇಲಾಖೆಯ ಕೆಂಪನ್ನೇ ಬಳಿದು ಮತ್ತೆ ಜೋಡಿಸಿದರು. ಅದರಲ್ಲಿ ಪ್ರತಿ ಭಾನುವಾರ ಮಗಳ ಮನೆಗೆ ಸವಾರಿ. ದಾರಿಯಲ್ಲಿ ರೈಲ್ವೆ ಗೇಟು. ಗೇಟು ಹಾಕಿತೆಂದರೆ ಕಾರು ನಿಲ್ಲಬೇಕು. ಕಾರು ನಿಂತಿತೆಂದರೆ ಶಾಖ ತೋರಿಸುವ ಮುಳ್ಳು ಏರಬೇಕು, ಬಾನೆಟ್ಟಿನ ಸಂದಿಯಿಂದ ಹಬೆ ಏಳಬೇಕು.

ಮೊದಲ ಸಲ ಹೀಗಾದಾಗ ಮಾಮ ಕೈಗೆ ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಹೋದರು.

"ಬಿಸಿ ಇದ್ದಾಗ ತೆಗೀಬೇಡ್ರೀ," ಎಂದರು ಹೆಂಡತಿ.

"ಬಿಸಿ ಅಂದ್ರೇನು ಅಂತ ನನಗೇ ಹೇಳ್ಕೊಡ್ತೀಯಾ?"

ಮುಚ್ಚಳ ಆಕಾಶಕ್ಕೆ ಹಾರಿತು. ಸುಟ್ಟ ಗಾಯದ ಕುರಿತು ಶಾಲೆ ಶಾಲೆಗೆ ಹೋಗಿ ಭಾಷಣ ಬಿಗಿದಿದ್ದವರ ಮುಂಗೈ ಬೆಂದು ಕೆಂಪಾಯಿತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು; ತಕ್ಷಣ ತಣ್ಣೀರು ಸುರಿದರು. ಆ ನೀರು ಬಂದದ್ದು ಗೇಟಿನ ಪಕ್ಕದ ಹೊಲಿಗೆ ಅಂಗಡಿಯಿಂದ. ಟೈಲರಮ್ಮ ಜಗ್ಗನ್ನೂ ಕೊಟ್ಟಳು, ಕೂರಲು ಸ್ಟೂಲನ್ನೂ ಕೊಟ್ಟಳು.

ಅಲ್ಲಿಂದ ಶುರುವಾಯಿತು ಕಾರಿನ ಚಿಕಿತ್ಸೆ. ಮಾಮ ರೇಡಿಯೇಟರನ್ನು ಇಳಿಸಿ ತೊಳೆದರು. ಕೆಸರು ಬಂತು, ಕಾಯಿಲೆ ಹೋಗಲಿಲ್ಲ. ರಬ್ಬರ್ ಪೈಪು, ಬೆಲ್ಟು ಬದಲಾದವು. ನೀರಿನ ಪಂಪನ್ನು ಬಿಚ್ಚಿ ನೋಡಿದರೆ ಅದು ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು. ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟದ ಮೇಲೆ ಅನುಮಾನ ಬಂದು, ಅದನ್ನು ಹಾಲಿನ ಪಾತ್ರೆಯಲ್ಲಿ ಕುದಿಸಿದರು. ನೀರು ಕಾಯುತ್ತಿದ್ದಂತೆ ಅದು ವಿಧೇಯವಾಗಿ ಬಾಯಿ ತೆರೆಯಿತು. ಹೆಂಡತಿ ಮಾತ್ರ ಬಾಯಿ ತೆರೆಯಲಿಲ್ಲ. ಹೊಸ ಹಾಲಿನ ಪಾತ್ರೆ ತಂದರು.

ಪ್ರತಿ ಭಾನುವಾರ ಮಾವನವರು ಮಸಿ ಮೆತ್ತಿಕೊಂಡು ಬರುವುದನ್ನು ನೋಡಿ ಅಳಿಯ ಮೆಲ್ಲಗೆ, "ಮಾವ, ಬಸ್ಸು ಮನೆ ಮುಂದೇನೇ ನಿಲ್ಲುತ್ತೆ," ಎಂದ. ಅಂದು ಮಾಮ ಊಟ ಸರಿಯಾಗಿ ಮಾಡಲಿಲ್ಲ.

ಮನೆಗೆ ಬಂದವರು ಕಾರಿನ ಮುಂದೆ ತಲೆ ಹಿಡಿದು ಕೂತರು. ಹೆಂಡತಿ ಪೇಪರು ಓದುತ್ತಲೇ ಕೇಳಿದರು, "ಜ್ವರ ಯಾವಾಗ ಬರುತ್ತೆ?"

"ಯಾರಿಗೆ?"

"ನಿಮ್ಮ ಕಾರಿಗೆ ಕಣ್ರೀ. ಓಡುವಾಗ ಬರುತ್ತೋ, ನಿಂತಾಗ ಬರುತ್ತೋ?"

ಮಾಮ ರೇಗಲು ಬಾಯಿ ತೆರೆದವರು ಲೆಕ್ಕ ಹಾಕತೊಡಗಿದರು. ಓಡುವಾಗ ಒಮ್ಮೆಯೂ ಬಂದಿರಲಿಲ್ಲ. ಓಡುವಾಗ ರಸ್ತೆಯ ಗಾಳಿಯೇ ರೇಡಿಯೇಟರಿಗೆ ಬೀಸುತ್ತದೆ. ನಿಂತಾಗ ಗಾಳಿ ಎಳೆಯಬೇಕಾದದ್ದು ಅದರ ಹಿಂದಿರುವ ಫ್ಯಾನು. ಎಂಜಿನ್ ಚಾಲೂ ಮಾಡಿ, ಹೆಂಡತಿಯ ಕೈಯಿಂದ ಪೇಪರು ಕಿತ್ತು, ಒಂದು ಹಾಳೆಯನ್ನು ರೇಡಿಯೇಟರಿನ ಮುಂದೆ ಹಿಡಿದರು. ಫ್ಯಾನು ಸರಿಯಿದ್ದರೆ ಹಾಳೆ ಜಾಲರಿಗೆ ಪಟ್ಟನೆ ಅಂಟಬೇಕು. ಅದು ಸೊರಗಿ ನೆಲಕ್ಕೆ ಬಿತ್ತು.

ಎಂಜಿನ್ ನಿಲ್ಲಿಸಿ ಇಣುಕಿದರು. ಕೆಂಪಗೆ ಹೊಳೆಯುವ ಫ್ಯಾನು. ರೆಕ್ಕೆಗಳ ಬಾಗು ತಿರುಗುಮುರುಗು. ಬಣ್ಣ ಬಳಿದು ಕೂರಿಸುವಾಗ ಅವರೇ ಅದನ್ನು ಹಿಂದುಮುಂದಾಗಿ ಸಿಕ್ಕಿಸಿದ್ದರು. ಇಷ್ಟು ದಿನ ಅದು ತಿರುಗಿದ್ದು ನಿಜ, ಗಾಳಿ ಎಳೆದದ್ದು ಅಷ್ಟಕ್ಕಷ್ಟೇ.

"ಏನಂತ್ರೀ?" ಎಂದರು ಹೆಂಡತಿ.

"ಹಳೇ ಗಾಡಿ. ಮೊದಲಿನವರು ಏನೇನು ಮಾಡಿಟ್ಟಿದ್ದರೋ."

ಕೆಂಪು ಬಣ್ಣ ಯಾರದೆಂದು ಹೆಂಡತಿಗೆ ಗೊತ್ತಿತ್ತು. ಬಿದ್ದ ಹಾಳೆ ಎತ್ತಿಕೊಂಡು ಓದು ಮುಂದುವರಿಸಿದರು.

ಫ್ಯಾನು ತಿರುಗಿಸಿ ಕೂರಿಸಿದ ಮೇಲೆ ಕಾರು ಹಸುವಿನಂತಾಯಿತು. ಗೇಟು ಎಷ್ಟು ಹೊತ್ತು ಹಾಕಿದ್ದರೂ ಮುಳ್ಳು ಮಿಸುಕಲಿಲ್ಲ. ಅಳಿಯನೆದುರು ಮಾಮ 'ವಾಯು ಸಂಚಾರದ ಸೂಕ್ಷ್ಮ ಸಮಸ್ಯೆ'ಯ ಬಗ್ಗೆ ದೊಡ್ಡ ವ್ಯಾಖ್ಯಾನವನ್ನೇ ಕೊಟ್ಟರು. ಹಿಂದಿನ ಸೀಟಿನಲ್ಲಿ ಕೂರುವ ಹೆಂಡತಿಯ ಮಾತು ಮಾತ್ರ ವಾರವಾರಕ್ಕೂ ಕಡಿಮೆಯಾಯಿತು. ಮಾಮ ಅದನ್ನು ನೆಮ್ಮದಿ ಎಂದುಕೊಂಡರು.

ಒಂದು ಭಾನುವಾರ ಗೇಟಿನ ಬಳಿ ಹೆಂಡತಿ ಅವರ ಹೆಗಲು ತಟ್ಟಿದರು. "ಪಕ್ಕಕ್ಕೆ ಹಾಕಿ."

"ಯಾಕೆ? ಕಾರು ಕಾದಿಲ್ಲವಲ್ಲ!"

"ಕಾರು ಕಾದಿಲ್ಲ. ನಾನು ಕಾದಿದ್ದೀನಿ. ಅದು ಕೆಟ್ಟಿದ್ದಾಗ ವಾರಕ್ಕೊಂದು ಸಲ ಟೈಲರಮ್ಮನ ಹತ್ರ ಕೂತು ಹೊಲಿಗೆ ಕಲೀತಿದ್ದೆ. ರವಿಕೆಗೆ ತೋಳು ಕೂರಿಸೋದು ಕಲಿಯೋ ಹೊತ್ತಿಗೆ ನಿಮ್ಮ ಗಾಡಿ ಸರಿಹೋಯ್ತು."

ಹೆಂಡತಿ ಇಳಿದು ಅಂಗಡಿಗೆ ಹೋದರು. ಒಳಗಿಂದ ಇಬ್ಬರ ನಗು ಕೇಳಿಸಿತು. ಗೇಟು ತೆರೆಯಿತು, ಹಿಂದಿದ್ದ ಗಾಡಿಗಳೆಲ್ಲ ಮುಂದೆ ಹೋದವು. ಆರೋಗ್ಯವಂತ ಕಾರಿನ ಪಕ್ಕ ಸುಮ್ಮನೆ ನಿಲ್ಲುವುದು ಹೇಗೆಂದು ಮಾಮನಿಗೆ ತಿಳಿಯಲಿಲ್ಲ. ಕೊನೆಗೆ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದರು.

ಗೇಟಿನವನು ಕೂಗಿದ, "ಏನ್ ಸಾರ್, ಮತ್ತೆ ಬಿಸಿಯಾಯ್ತಾ?"

ಮಾಮ ಹೊಲಿಗೆ ಅಂಗಡಿಯತ್ತ ನೋಡಿದರು. ಮಷಿನ್ನು ಓಡುತ್ತಿತ್ತು.

"ಹೂಂನಪ್ಪಾ," ಎಂದರು, "ಸ್ವಲ್ಪ ಹೊತ್ತಾಗುತ್ತೆ."